ರಾಕ್ ಕೇಳೋಕೆ ಒಳ್ಳೇ ಜಾಗ, ಕೆಟ್ಟ ಜಾಗ

ರಾಕ್ ಸಂಗೀತದ ಹುಚ್ಚು ಹತ್ತಿಸಿಕೊಂಡ ನಾಲ್ಕು ಜನ ಒಂದು ಕಡೆ ಸೇರಿದರೆ ಎರಡು ಜಗಳ ಗ್ಯಾರಂಟಿ. ಒಂದು, ಗಿಟಾರ್ ನುಡಿಸೋದರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು ಅನ್ನೋದು. ಇನ್ನೊಂದು, ಬ್ಯಾಂಡನ್ನು ಎದುರಿಗೆ ಕೂತು (ಅಥವಾ ನಿಂತು, ಅಥವಾ ಕುಣಿದು) ನೋಡೋದಕ್ಕೆ ಅತ್ಯುತ್ತಮ ಜಾಗ ಯಾವುದು, ಅತಿ ಕೆಟ್ಟ ಜಾಗ ಯಾವುದು ಅನ್ನೋದು. ಮೊದಲನೇ ಜಗಳ ಬಗೆಹರಿಯೋ ಥರದ್ದಲ್ಲ, ಬಿಟ್ಟುಬಿಡೋಣ. ಎರಡನೆಯದಕ್ಕೆ ಮಾತ್ರ ಒಂದು ಇತಿಹಾಸ ಇದೆ, ಒಂದಿಷ್ಟು ಭೌತಶಾಸ್ತ್ರ ಇದೆ, ದುಡ್ಡಿನ ಲೆಕ್ಕಾಚಾರ ಇದೆ. ಕೆಲವು ಕಡೆ ಹೆಣಗಳೂ ಇವೆ. ಅದನ್ನೇ ಇವತ್ತು ಹೇಳೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಂದಿಟ್ಟುಕೊಂಡು ಓದಿ :-)

ಯಾರಿಗೂ ಕೇಳಿಸದ ಕಛೇರಿ

ಕಥೆ ಶುರುವಾಗೋದು 1965ರ ಆಗಸ್ಟ್ 15ರಂದು. ನ್ಯೂಯಾರ್ಕಿನ ಶೇ ಸ್ಟೇಡಿಯಂ ಅನ್ನೋ ಬೇಸ್‌ಬಾಲ್ ಮೈದಾನ. ಬೀಟಲ್ಸ್ ಹಾಡಿದ್ದನ್ನು ನೋಡಲು ಬಂದವರು ಸುಮಾರು 55,600 ಜನ. ಅಲ್ಲಿಯವರೆಗೆ ಪಾಪ್ ಸಂಗೀತದವರು ಹೆಚ್ಚಾಗಿ ಹಾಡುತ್ತಿದ್ದದ್ದು ಸಿನಿಮಾ ಮಂದಿರ, ನೃತ್ಯಶಾಲೆ, ಒಳಾಂಗಣ ಕ್ರೀಡಾಂಗಣಗಳಲ್ಲಿ. ಇಷ್ಟು ದೊಡ್ಡ ಮೈದಾನದಲ್ಲಿ ಹೇಗೆ ಹಾಡಬೇಕು ಅಂತ ಭೂಮಿ ಮೇಲೆ ಯಾರಿಗೂ ಅನುಭವ ಇರಲಿಲ್ಲ. ವಾಕ್ಸ್ ಕಂಪನಿಯವರು ಆ ಪ್ರವಾಸಕ್ಕೆಂದೇ 100 ವ್ಯಾಟಿನ ಆಂಪ್ಲಿಫೈಯರುಗಳನ್ನು ಮಾಡಿಕೊಟ್ಟಿದ್ದರು. ಅದು ಆ ಕಾಲಕ್ಕೆ ರಾಕ್ಷಸ ಗಾತ್ರ. ಇವತ್ತು ನಮ್ಮೂರ ಗಣೇಶೋತ್ಸವದ ಸೌಂಡ್ ಸಿಸ್ಟಂನವರು ಕೇಳಿದರೆ ನಗುತ್ತಾರೆ. ಹಾಡಿನ ದನಿಯನ್ನು ಜನಕ್ಕೆ ಮುಟ್ಟಿಸಲು ಆಟದ ನಡುವೆ ಘೋಷಣೆ ಮಾಡುವ ಮೈದಾನದ ಸ್ಪೀಕರುಗಳನ್ನೂ ಬಳಸಿಕೊಂಡರು. ಯಾರು ಔಟಾದರು, ಯಾರು ಬ್ಯಾಟಿಂಗಿಗೆ ಬಂದರು ಅಂತ ಹೇಳೋ ಸ್ಪೀಕರುಗಳು ಅವು!

ವೇದಿಕೆ ಮೈದಾನದ ನಡುವೆ, ಜನ ಎಲ್ಲಾ ದೂರದ ಗ್ಯಾಲರಿಗಳಲ್ಲಿ. ಬೀಟಲ್ಸ್ ಹಾಡಿದ್ದು ಅರ್ಧ ಗಂಟೆ. ಆ ಅರ್ಧ ಗಂಟೆಯೂ ಜನ ಕಿರುಚಿದರು. ಹಾಡುವವರ ಕಡೆಗೇ ಮುಖ ಮಾಡಿ ಇಡುವ ಮಾನಿಟರ್ ಸ್ಪೀಕರುಗಳು ಅವರಿಗಿರಲಿಲ್ಲ. ಹಾಗಾಗಿ ತಾವು ಏನು ನುಡಿಸುತ್ತಿದ್ದೇವೆ ಅಂತ ಅವರಿಗೇ ಕೇಳಿಸುತ್ತಿರಲಿಲ್ಲ. ಡ್ರಮ್ಸ್ ಬಾರಿಸುತ್ತಿದ್ದ ರಿಂಗೋ ಸ್ಟಾರ್, ಮುಂದಿದ್ದವರ ಬೆನ್ನು, ಸೊಂಟದ ಕುಲುಕಾಟ ನೋಡಿಕೊಂಡು ಹಾಡು ಎಲ್ಲಿಗೆ ಬಂದಿದೆ ಅಂತ ಊಹಿಸುತ್ತಿದ್ದೆ ಅಂತ ಮುಂದೆ ಹೇಳಿಕೊಂಡಿದ್ದಾರೆ. ತಮಾಷೆ ಅಂದರೆ, ಆ ಕಛೇರಿಯ ಚಿತ್ರವನ್ನು ಟೀವಿಗೆ ಕೊಡೋ ಮುಂಚೆ 1966ರ ಜನವರಿಯಲ್ಲಿ ಲಂಡನ್ನಿನ ಸ್ಟುಡಿಯೋ ಒಂದರಲ್ಲಿ ಕೂತು ಅದರ ಧ್ವನಿಯನ್ನು ತಿದ್ದಬೇಕಾಯಿತು, ಕೆಲವು ಭಾಗಗಳನ್ನು ಮತ್ತೆ ನುಡಿಸಬೇಕಾಯಿತು. ಅಂದರೆ ಇತಿಹಾಸದ ಅತಿ ಪ್ರಸಿದ್ಧ ರಾಕ್ ಕಛೇರಿ, ಅಲ್ಲಿದ್ದವರಿಗಿಂತ ಮನೆಯಲ್ಲಿ ಟೀವಿ ನೋಡಿದವರಿಗೇ ಚೆನ್ನಾಗಿ ಕೇಳಿಸಿತು!

ಮುಂದಿನ ವರ್ಷ, 1966ರ ಆಗಸ್ಟ್ 29ರಂದು, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್. ಇದೂ ಬೇಸ್‌ಬಾಲ್ ಮೈದಾನವೇ, ಕೊಲ್ಲಿಯ ಮೇಲಿಂದ ಬೀಸುವ ಚಳಿಗಾಳಿಗೆ ಕುಖ್ಯಾತ. ಬಂದಿದ್ದವರು ಸುಮಾರು 25,000, ಹಲವಾರು ಸಾವಿರ ಸೀಟು ಖಾಲಿ. ಪಾಲ್ ಮ್ಯಾಕಾರ್ಟ್ನಿ ತಮ್ಮ ಪತ್ರಿಕಾ ಸಂಪರ್ಕ ನೋಡಿಕೊಳ್ಳುತ್ತಿದ್ದ ಟೋನಿ ಬ್ಯಾರೋಗೆ ಕಛೇರಿಯನ್ನು ಸಣ್ಣ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಡಲು ಹೇಳಿದ್ದರು. ಕೊನೇ ಹಾಡಿನ ನಡುವೆ ಟೇಪು ಮುಗಿದುಹೋಯಿತು. ಟಿಕೆಟ್ ಇಟ್ಟು ಬೀಟಲ್ಸ್ ಮಾಡಿದ ಕಟ್ಟಕಡೆಯ ಕಛೇರಿ ಅದೇ. ಅದಾದ ಮೇಲೆ ಅವರು ಸ್ಟುಡಿಯೋ ಒಳಗೆ ಸೇರಿಕೊಂಡರು. ಜಗತ್ತಿನ ಅತಿ ಜನಪ್ರಿಯ ತಂಡ ವೇದಿಕೆಯನ್ನೇ ಬಿಟ್ಟದ್ದಕ್ಕೆ ಕಾರಣಗಳು ಹಲವು. ತಮ್ಮ ಸಂಗೀತ ತಮಗೇ ಕೇಳಿಸುವುದಿಲ್ಲ ಅನ್ನೋದು ಅವುಗಳಲ್ಲಿ ಸಣ್ಣದೇನಲ್ಲ.

ಗೋಡೆ ಹಾಡಿದರೆ ಕಷ್ಟ

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಪಿಯುಸಿ ಮಟ್ಟದ್ದೇ.

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತೆ. ನೀವು ವೇದಿಕೆಯಿಂದ 100 ಮೀಟರ್ ದೂರ ಇದ್ದೀರಿ ಅಂದರೆ ಡ್ರಮ್ಮಿನ ಏಟು ನಿಮ್ಮ ಕಿವಿಗೆ ಬರೋದು ಸುಮಾರು 0.3 ಸೆಕೆಂಡ್ ತಡವಾಗಿ. ನಿಮಿಷಕ್ಕೆ 120 ಏಟಿನ ಹಾಡಾದರೆ ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಇರೋದು ಅರ್ಧ ಸೆಕೆಂಡ್. ಕೋಲು ಮೇಲಕ್ಕೆ ಹೋದಾಗ ನಿಮಗೆ ಏಟು ಕೇಳಿಸುತ್ತೆ. ಇನ್ನು ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಶಬ್ದದ ಮಟ್ಟ 6 ಡೆಸಿಬಲ್ ಇಳಿಯುತ್ತೆ. ಪಕ್ಕದಲ್ಲಿ ಕಿರುಚುವವರು ಮಾತ್ರ ಪಕ್ಕದಲ್ಲೇ ಇರ್ತಾರೆ :-)

ಇದು ಬಯಲಿನ ಸಮಸ್ಯೆ. ಒಳಾಂಗಣದ್ದು ಬೇರೆ. ಬಿಜಾಪುರದ ಗೋಲಗುಮ್ಮಟಕ್ಕೆ ಶಾಲೆಯ ಪ್ರವಾಸದಲ್ಲಿ ಹೋದವರೆಲ್ಲ ಒಮ್ಮೆ ಚಪ್ಪಾಳೆ ತಟ್ಟಿ ಅದು ಮತ್ತೆ ಮತ್ತೆ ಮರಳಿ ಬರೋದನ್ನು ಕೇಳಿರುತ್ತೀರಿ. ಅಲ್ಲಿ ಡ್ರಮ್ಸ್, ಬೇಸ್ ಗಿಟಾರ್ ಇಟ್ಟು ಒಂದು ಹಾಡು ನುಡಿಸಿದರೆ ಏನಾಗಬಹುದು ಊಹಿಸಿಕೊಳ್ಳಿ. ಮೊದಲ ಏಟು ಇನ್ನೂ ಗುಮ್ಮಟದಲ್ಲಿ ಸುತ್ತುತ್ತಿರುವಾಗಲೇ ಇಪ್ಪತ್ತನೇ ಏಟು ಬಿದ್ದಿರುತ್ತೆ.

ಕೋಣೆಯೊಂದರಲ್ಲಿ ಶಬ್ದ ಎಷ್ಟು ಹೊತ್ತು ಉಳಿಯುತ್ತೆ ಅನ್ನೋದನ್ನು ಮೊದಲು ಸರಿಯಾಗಿ ಅಳೆದವನು ವ್ಯಾಲೇಸ್ ಸೇಬೈನ್. ಹಾರ್ವರ್ಡಿನ ಈ ಯುವ ಮೇಷ್ಟ್ರಿಗೆ 1895ರಲ್ಲಿ ಒಂದು ಕೆಲಸ ಬಂತು. ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಮೇಷ್ಟ್ರುಗಳು ಹೇಳಿದ್ದು ಒಂದಕ್ಷರ ಅರ್ಥ ಆಗುತ್ತಿರಲಿಲ್ಲ, ಅದನ್ನು ಸರಿಮಾಡು ಅಂತ. ಆತ ರಾತ್ರಿ ಹೊತ್ತು ಪಕ್ಕದ ನಾಟಕಶಾಲೆಯಿಂದ ಸೀಟಿನ ಮೆತ್ತೆಗಳನ್ನು ಹೊತ್ತು ತಂದು, ಒಂದೊಂದೇ ಹರಡಿ, ಆರ್ಗನ್ ಪೈಪಿನ ಸದ್ದು ಅಡಗಲು ಹಿಡಿಯುವ ಹೊತ್ತನ್ನು ಅಳೆಯುತ್ತಿದ್ದ. ಬೆಳಗಾಗುವ ಮುಂಚೆ ಮೆತ್ತೆಗಳನ್ನು ವಾಪಸ್ ಇಟ್ಟು ಬರೋದು. ಖಾಲಿ ಕೋಣೆಯಲ್ಲಿ ಸದ್ದು ಸುಮಾರು ಐದೂವರೆ ಸೆಕೆಂಡ್ ಉಳಿಯುತ್ತಿತ್ತು. ಈ ಮೆತ್ತೆ ಹೊರುವ ಕೆಲಸದಿಂದ ಹುಟ್ಟಿದ ಸೂತ್ರವನ್ನೇ ಇವತ್ತಿಗೂ ಸಭಾಂಗಣ ಕಟ್ಟುವವರು ಬಳಸುತ್ತಾರೆ. ಆತನ ಸಲಹೆಯಿಂದ ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ವಯೊಲಿನ್ ಮೇಳಕ್ಕೆ ಅದು ಸ್ವರ್ಗ, ಜನ ತುಂಬಿದಾಗ ಸದ್ದು ಸುಮಾರು 1.9 ಸೆಕೆಂಡ್ ಉಳಿಯುತ್ತೆ.

ಆದರೆ ಅದೇ ಸ್ವರ್ಗ ರಾಕ್‌ಗೆ ನರಕ. ಡೆನ್ಮಾರ್ಕಿನ ನೀಲ್ಸ್ ವರ್ನರ್ ಆಡೆಲ್ಮನ್-ಲಾರ್ಸನ್ ಮತ್ತು ಸಂಗಡಿಗರು ತಮ್ಮ ದೇಶದ 20 ರಾಕ್ ಸಭಾಂಗಣಗಳನ್ನು ಅಳೆದು, ಅಲ್ಲಿ ನುಡಿಸುವವರನ್ನೂ ಧ್ವನಿ ನಿರ್ವಹಿಸುವವರನ್ನೂ ಕೇಳಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಚೆನ್ನಾಗಿದೆ ಅಂತ ಎಲ್ಲರೂ ಒಪ್ಪಿದ ಜಾಗಗಳಲ್ಲಿ ಸದ್ದು ಉಳಿಯುತ್ತಿದ್ದದ್ದು ಗಾತ್ರಕ್ಕೆ ತಕ್ಕಂತೆ 0.6ರಿಂದ 1.2 ಸೆಕೆಂಡ್ ಅಷ್ಟೇ. ಅದಕ್ಕಿಂತ ಮುಖ್ಯವಾದದ್ದು ಕೆಳಗಿನ ಸ್ವರಗಳು, ಅಂದರೆ ಬೇಸ್ ಗಿಟಾರ್ ಮತ್ತು ಕಾಲಿನಲ್ಲಿ ಬಾರಿಸುವ ದೊಡ್ಡ ಡ್ರಮ್ಮಿನ ಸದ್ದು. ಒಳ್ಳೇ ಜಾಗದಲ್ಲಿ ಅದು ಬೇಗ ಅಡಗುತ್ತೆ, ಕೆಟ್ಟ ಜಾಗದಲ್ಲಿ ಗುಂಯ್ ಅಂತ ಉಳಿದುಕೊಳ್ಳುತ್ತೆ. ಜನ ತುಂಬಿದರೆ ಸರಿಹೋಗುತ್ತೆ ಅಂತ ಕಾರ್ಯಕ್ರಮ ಮಾಡುವವರು ಸಮಾಧಾನ ಹೇಳೋದನ್ನು ಕೇಳಿರುತ್ತೀರಿ. ಅರ್ಧ ನಿಜ. ನಮ್ಮ ಮೈ, ಬಟ್ಟೆ ಮೇಲಿನ ಸ್ವರಗಳನ್ನು ಚೆನ್ನಾಗಿ ಹೀರುತ್ತವೆ, ಬೇಸನ್ನು ಹೀರೋದು ತೀರಾ ಕಡಿಮೆ.

ನನ್ನ ಇಂಜಿನಿಯರಿಂಗ್ ಕಾಲೇಜಿನ ಫೆಸ್ಟಿನಲ್ಲಿ ಬ್ಯಾಂಡ್ ಸ್ಪರ್ಧೆ ನಡೆಯುತ್ತಿದ್ದದ್ದು ಒಳಾಂಗಣ ಬ್ಯಾಡ್ಮಿಂಟನ್ ಅಂಕಣದಲ್ಲಿ. ಸಿಮೆಂಟಿನ ನೆಲ, ಮೇಲೆ ಶೀಟಿನ ಮಾಡು. ನಾಲ್ಕು ವರ್ಷವೂ ಅಲ್ಲಿ ಎಲ್ಲಾ ತಂಡಗಳೂ ಒಂದೇ ಹಾಡನ್ನು ನುಡಿಸಿದ ಹಾಗೆ ಕೇಳಿಸುತ್ತಿತ್ತು. ಯಾಕೆ ಅಂತ ಗೊತ್ತಾದದ್ದು ಈ ಲೆಕ್ಕ ಓದಿದ ಮೇಲೆ. ಹಾಡುತ್ತಿದ್ದವರು ಪಾಪ ಹುಡುಗರಲ್ಲ, ಆ ಶೀಟು!

ದೊಡ್ಡ ಹೆಸರಿನ ಜಾಗಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ 1871ರಲ್ಲಿ ತೆರೆದಾಗಿನಿಂದಲೂ ಅದರ ಗುಮ್ಮಟದ ಪ್ರತಿಧ್ವನಿ ಕುಖ್ಯಾತ. ಬ್ರಿಟಿಷ್ ಸಂಗೀತಗಾರನ ಕೃತಿ ಎರಡು ಸಲ ಕೇಳಿಸೋದು ಇದೊಂದೇ ಜಾಗದಲ್ಲಿ ಅಂತ ಅಲ್ಲಿ ಹಳೇ ಜೋಕಿದೆ. 1968ರ ನವೆಂಬರಿನಲ್ಲಿ ಕ್ರೀಮ್ ತಂಡ ವಿದಾಯದ ಕಛೇರಿ ಮಾಡಿದ್ದು ಈ ಪ್ರತಿಧ್ವನಿಯ ನಡುವೆಯೇ. ಮರುವರ್ಷ ಗುಮ್ಮಟದ ಕೆಳಗೆ ನೂರಕ್ಕೂ ಹೆಚ್ಚು ಫೈಬರ್‌ಗ್ಲಾಸ್ ತಟ್ಟೆಗಳನ್ನು ತೂಗುಹಾಕಿದರು. ನೋಡಲು ಅಣಬೆಗಳ ಹಾಗಿರುವುದರಿಂದ ಅವಕ್ಕೆ ಅಣಬೆ ಅಂತಲೇ ಹೆಸರಾಯಿತು. 98 ವರ್ಷ ತಡವಾಗಿ ಬಂದ ಬಗ್ ಫಿಕ್ಸ್!

ಸೇಬು ಕೊಡುತ್ತಿದ್ದ ಮನುಷ್ಯ

ಹಾಗಾದರೆ ಒಳ್ಳೇ ಜಾಗ ಯಾವುದು? ಹಳಬರನ್ನು ಕೇಳಿದರೆ ಬಹಳಷ್ಟು ಜನ ಹೇಳೋ ಹೆಸರು ಫಿಲ್ಮೋರ್.

ಬಿಲ್ ಗ್ರಹಾಂ ಹುಟ್ಟಿದ್ದು 1931ರಲ್ಲಿ ಬರ್ಲಿನ್ನಿನ ಯಹೂದಿ ಮನೆಯಲ್ಲಿ. ನಾಜಿಗಳಿಂದ ತಪ್ಪಿಸಿಕೊಂಡು, ಫ್ರಾನ್ಸ್ ದಾಟಿ, ಚಿಕ್ಕ ಹುಡುಗನಾಗಿ ಅಮೆರಿಕ ಸೇರಿದವನು. ತಾಯಿ ನಾಜಿಗಳ ಕೈಯಿಂದ ಉಳಿಯಲಿಲ್ಲ. ಅರವತ್ತರ ದಶಕದ ನಡುವಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ಆಡಿಟೋರಿಯಂನಲ್ಲಿ ಕಛೇರಿ ನಡೆಸಲು ಶುರುಮಾಡಿದ. 1968ರಲ್ಲಿ ನ್ಯೂಯಾರ್ಕಿನ ಹಳೇ ಥಿಯೇಟರೊಂದನ್ನು ಫಿಲ್ಮೋರ್ ಈಸ್ಟ್ ಅಂತ ತೆರೆದ. ಸೀಟು ಮೂರು ಸಾವಿರಕ್ಕೂ ಕಡಿಮೆ. ಧ್ವನಿಗೆ ಬಿಲ್ ಹ್ಯಾನ್ಲಿ (ಮುಂದೆ ವುಡ್‌ಸ್ಟಾಕ್ ಉತ್ಸವದ ಧ್ವನಿ ನೋಡಿಕೊಂಡವನೂ ಅವನೇ), ಹಿಂದಿನ ಪರದೆಯ ಮೇಲೆ ಎಣ್ಣೆ, ಬಣ್ಣದ ನೀರು ಕಲಕಿ ಬೆಳಕು ಹಾಯಿಸುವ ಜೋಶುವಾ ಲೈಟ್ ಶೋ. ಆಲ್‌ಮನ್ ಬ್ರದರ್ಸ್ ತಂಡದ ಪ್ರಸಿದ್ಧ ಲೈವ್ ಆಲ್ಬಂ 1971ರ ಮಾರ್ಚಿನಲ್ಲಿ ಅಲ್ಲೇ ರೆಕಾರ್ಡ್ ಆದದ್ದು. ಜಿಮಿ ಹೆಂಡ್ರಿಕ್ಸ್ 1970ರ ಹೊಸವರ್ಷದ ದಿನ ನುಡಿಸಿದ್ದೂ ಅಲ್ಲೇ. ಗ್ರೇಟ್‌ಫುಲ್ ಡೆಡ್ ನೋಡಲು ಬಂದ ಹುಡುಗರ ಎದುರು, ಫಿಲ್ಮೋರ್ ವೆಸ್ಟ್‌ನಲ್ಲಿ, ಮೊದಲು ಜಾಝ್‌ನ ಮೈಲ್ಸ್ ಡೇವಿಸ್ ನುಡಿಸುವಂತೆ ಮಾಡಿದವನೂ ಗ್ರಹಾಂ.

ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರಿನ ಬಾಗಿಲಲ್ಲಿ ಒಂದು ಪೀಪಾಯಿ ತುಂಬ ಸೇಬು ಇಟ್ಟಿರುತ್ತಿದ್ದ. ಬಂದವರು ಒಂದೆರಡು ತೆಗೆದುಕೊಂಡು ಒಳಗೆ ಹೋಗಬಹುದಿತ್ತು, ದುಡ್ಡು ಕೊಡಬೇಕಿಲ್ಲ. ಈ ಪದ್ಧತಿ ಅಲ್ಲಿ ಗ್ರಹಾಂ ತೀರಿಕೊಂಡ ಮೇಲೂ ಮುಂದುವರಿಯಿತು. ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದು. ಬಂದವರನ್ನು ಟಿಕೆಟ್ ನಂಬರುಗಳಾಗಿ ನೋಡದೆ ಮನೆಗೆ ಬಂದ ನೆಂಟರ ಹಾಗೆ ನೋಡಿದವನು ಅನ್ನಿಸುತ್ತೆ. ಹಾಗಂತ ಗ್ರಹಾಂ ಸಾಧುವೇನಲ್ಲ. ಫೋನಿನಲ್ಲಿ ಕೂಗಾಡುವುದಕ್ಕೆ, ದುಡ್ಡಿನ ಚೌಕಾಸಿಗೆ ಅಷ್ಟೇ ಹೆಸರುವಾಸಿ.

1971ರ ಜೂನ್ ಕೊನೆಯಲ್ಲಿ ಫಿಲ್ಮೋರ್ ಈಸ್ಟ್, ಜುಲೈ ಮೊದಲ ವಾರದಲ್ಲಿ ಫಿಲ್ಮೋರ್ ವೆಸ್ಟ್ ಮುಚ್ಚಿದವು. ಯಾಕೆ? ತಂಡಗಳು ಕೇಳುವ ಸಂಭಾವನೆ ಏರಿತು. 20,000 ಜನ ಹಿಡಿಸುವ ಬಾಸ್ಕೆಟ್‌ಬಾಲ್, ಐಸ್ ಹಾಕಿ ಅರೀನಾಗಳಲ್ಲಿ ಒಂದೇ ರಾತ್ರಿ ಬರುವ ದುಡ್ಡಿಗೆ ಈ ಥಿಯೇಟರುಗಳಲ್ಲಿ ವಾರಗಟ್ಟಲೆ ನುಡಿಸಬೇಕಿತ್ತು. ರಾಕ್ ಅರೀನಾಗಳಿಗೆ ಹೋಯಿತು. ಅಲ್ಲಿ ಕಾಂಕ್ರೀಟು, ಗಾಜು, ಎತ್ತರದ ಉಕ್ಕಿನ ಮಾಡು. ಪ್ರೇಕ್ಷಕರ ಗದ್ದಲ ಹೆಚ್ಚಾದಷ್ಟೂ ಆಟಕ್ಕೆ ಕಳೆ ಅಲ್ವಾ? ಸಂಗೀತಕ್ಕೆ ಅದೇ ಕಂಟಕ.

ಮೂರೂವರೆ ಅಡಿ ವೇದಿಕೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಿವಿಯ ಮಾತು. ಈಗ ಜೀವದ ಮಾತು.

1969ರ ಡಿಸೆಂಬರ್ 6, ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಕಾರ್ ರೇಸಿನ ಮೈದಾನ. ರೋಲಿಂಗ್ ಸ್ಟೋನ್ಸ್ ಮತ್ತಿತರರ ಉಚಿತ ಕಛೇರಿ, ಬಂದವರು ಸುಮಾರು ಮೂರು ಲಕ್ಷ. ಮೊದಲು ನಿಗದಿಯಾಗಿದ್ದದ್ದು ಸಿಯರ್ಸ್ ಪಾಯಿಂಟ್ ಅನ್ನುವ ಬೇರೆ ರೇಸ್ ಮೈದಾನ. ಅಲ್ಲಿ ವೇದಿಕೆ ದಿಬ್ಬದ ಮೇಲೆ ಇರಬೇಕಿತ್ತು, ಜನ ಕೆಳಗೆ. ದಿಬ್ಬವೇ ಎತ್ತರ ಇದ್ದದ್ದರಿಂದ ಮೂರೂವರೆ ಅಡಿಯಷ್ಟು ಎತ್ತರದ ವೇದಿಕೆ ಸಾಕು ಅಂತ ಲೆಕ್ಕ ಹಾಕಿದ್ದರು. ಒಪ್ಪಂದ ಮುರಿದುಬಿದ್ದು ಕೊನೇ ಘಳಿಗೆಯಲ್ಲಿ ಜಾಗ ಬದಲಾಯಿತು. ಅದೇ ವೇದಿಕೆಯನ್ನು ತಂದು ಆಲ್ಟಮಾಂಟಿನಲ್ಲಿ ಹಾಕಿದರು, ಇಳಿಜಾರಿನ ಬುಡದಲ್ಲಿ! ಮೇಲಿನಿಂದ ಜನರ ಭಾರವೆಲ್ಲ ವೇದಿಕೆಯ ಕಡೆಗೇ ಜಾರಿ ಬರೋ ಹಾಗೆ. ವೇದಿಕೆ ಎದೆ ಮಟ್ಟಕ್ಕೂ ಇಲ್ಲ. ಅದನ್ನು ಕಾಯಲು ಹೆಲ್ಸ್ ಏಂಜೆಲ್ಸ್ ಅನ್ನುವ ಬೈಕ್ ಗ್ಯಾಂಗು, ಸಂಬಳವಾಗಿ ಬಿಯರ್.

ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವವರಿಗೆ ಈ ಕಥೆಯ ಆಕಾರ ಪರಿಚಿತ. ಒಂದು ಸರ್ವರಿಗೆ ಅಂತ ಬರೆದ ಕೋಡನ್ನು ಶುಕ್ರವಾರ ಸಂಜೆ ಇನ್ನೊಂದಕ್ಕೆ ಎತ್ತಿ ಹಾಕುತ್ತೇವೆ. ಕೋಡ್ ಅದೇ, ಸುತ್ತಲಿನ ಷರತ್ತುಗಳು ಬೇರೆ. ನಮ್ಮಲ್ಲಿ ವೆಬ್‌ಸೈಟ್ ಬೀಳುತ್ತೆ. ಅಲ್ಲಿ ಬಿದ್ದವರು ಮನುಷ್ಯರು. ಮೆರೆಡಿತ್ ಹಂಟರ್ ಅನ್ನುವ 18 ವರ್ಷದ ಕಪ್ಪು ಹುಡುಗ ವೇದಿಕೆಯ ಮುಂದೆಯೇ ಇರಿತಕ್ಕೆ ಸಿಕ್ಕಿ ಸತ್ತ. ಅವನ ಕೈಯಲ್ಲಿ ಪಿಸ್ತೂಲಿತ್ತು, ಇರಿದವನನ್ನು ನ್ಯಾಯಾಲಯ ಆತ್ಮರಕ್ಷಣೆ ಅಂತ ಬಿಡುಗಡೆ ಮಾಡಿತು. ಅದೇ ಕಛೇರಿಯಲ್ಲಿ ಇನ್ನೂ ಮೂವರು ಸತ್ತರು, ಇಬ್ಬರು ಕಾರಿಗೆ ಸಿಕ್ಕಿ, ಒಬ್ಬ ಕಾಲುವೆಯಲ್ಲಿ ಮುಳುಗಿ. ಕಾರ್ಯಕ್ರಮ ಏರ್ಪಡಿಸಲು ಕೈಜೋಡಿಸಿದ್ದ ಗ್ರೇಟ್‌ಫುಲ್ ಡೆಡ್ ತಂಡವೇ ಅಲ್ಲಿನ ಸ್ಥಿತಿ ನೋಡಿ ನುಡಿಸದೆ ವಾಪಸ್ ಹೋಯಿತು. 1970ರಲ್ಲಿ ಬಂದ 'ಗಿಮ್ಮಿ ಶೆಲ್ಟರ್' ಸಾಕ್ಷ್ಯಚಿತ್ರದಲ್ಲಿ ಇದೆಲ್ಲ ಕಣ್ಣಿಗೆ ಕಟ್ಟುತ್ತೆ. ಗಟ್ಟಿ ಮನಸ್ಸಿದ್ದರೆ ನೋಡಿ.

ಸ್ಪೀಕರುಗಳ ಗೋಡೆ

ಅದೇ ಗ್ರೇಟ್‌ಫುಲ್ ಡೆಡ್ ತಂಡ ಅರೀನಾ, ಮೈದಾನಗಳ ಸಮಸ್ಯೆಗೆ ತಲೆಕೊಟ್ಟು ಕೂತಿತು. ಜಾಗ ಕೆಟ್ಟದಾದರೆ ಧ್ವನಿ ವ್ಯವಸ್ಥೆಯನ್ನೇ ಬದಲಿಸಿದರಾಯಿತು ಅಂತ. ಅವರ ಧ್ವನಿತಜ್ಞ ಔಸ್ಲಿ ಸ್ಟ್ಯಾನ್ಲಿ (ಎಲ್‌ಎಸ್‌ಡಿ ತಯಾರಿಕೆಗೂ ಪ್ರಸಿದ್ಧ, ಆ ಕಥೆ ಬೇರೆ ದಿನಕ್ಕೆ) ಮತ್ತು ಸಂಗಡಿಗರು ಕಟ್ಟಿದ್ದು 'ವಾಲ್ ಆಫ್ ಸೌಂಡ್'. 1974ರ ಮಾರ್ಚ್ 23ರಂದು ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಕೌ ಪ್ಯಾಲೇಸಿನಲ್ಲಿ ಪೂರ್ಣರೂಪದಲ್ಲಿ ಮೊದಲು ನಿಂತಿತು. ಸುಮಾರು 600 ಸ್ಪೀಕರು, 75 ಟನ್ ತೂಕ. ಶೇ ಸ್ಟೇಡಿಯಮ್ಮಿನ 100 ವ್ಯಾಟಿನ ಪೆಟ್ಟಿಗೆಗಳಿಂದ ಒಂಬತ್ತು ವರ್ಷದೊಳಗೆ 25,000 ವ್ಯಾಟನ್ನೂ ಮೀರಿದ ಶಕ್ತಿ!

ಆದರೆ ಜೋರಾಗಿ ಕೇಳಿಸೋದು ಅದರ ಮುಖ್ಯ ಗುಣ ಅಲ್ಲ. ಗೋಡೆ ನಿಲ್ಲುತ್ತಿದ್ದದ್ದು ತಂಡದ ಬೆನ್ನ ಹಿಂದೆ. ಜನಕ್ಕೆ ಕೇಳಿಸಿದ್ದೇ ನುಡಿಸುವವರಿಗೂ ಕೇಳಿಸುತ್ತಿತ್ತು. ಒಂದೊಂದು ವಾದ್ಯಕ್ಕೂ ಅದರದ್ದೇ ಸ್ಪೀಕರುಗಳ ಸಾಲು, ಹಾಗಾಗಿ ಒಂದರೊಳಗೊಂದು ಕಲಸಿಹೋಗುತ್ತಿರಲಿಲ್ಲ. ಹಾಗಾದರೆ ಹಿಂದಿನ ಸ್ಪೀಕರಿನ ಸದ್ದು ಮುಂದಿನ ಮೈಕಿಗೆ ಹೊಕ್ಕು ಕುಂಯ್ ಅಂತ ಕೂಗಬೇಕಲ್ವಾ? ಅದಕ್ಕೆ ಅವರು ಮಾಡಿದ ಉಪಾಯ ನೋಡಿ. ಹಾಡುವವನಿಗೆ ಜೋಡಿ ಮೈಕು, ಒಂದರ ಸಂಕೇತ ಇನ್ನೊಂದಕ್ಕೆ ತಿರುಗುಮುರುಗು. ಗೋಡೆಯ ಸದ್ದು ಎರಡಕ್ಕೂ ಸಮನಾಗಿ ಬಿದ್ದು ಒಂದನ್ನೊಂದು ಕಳೆದುಹಾಕುತ್ತೆ. ಹಾಡುವವನ ಬಾಯಿ ಒಂದಕ್ಕೆ ಮಾತ್ರ ಹತ್ತಿರ, ಹಾಗಾಗಿ ಅವನ ದನಿ ಮಾತ್ರ ಉಳಿಯುತ್ತೆ. ಗದ್ದಲವನ್ನು ಕಳೆಯುವ ಇವತ್ತಿನ ಹೆಡ್‌ಫೋನುಗಳ ಹಿಂದಿರೋದೂ ಇದೇ ಕಳೆಯುವ ಲೆಕ್ಕ.

ಇದಕ್ಕೆ ಹಿಂದಿನ ವರ್ಷ, 1973ರ ಜುಲೈಯಲ್ಲಿ, ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಅನ್ನುವಲ್ಲಿ ಮೂರೇ ತಂಡಗಳ ಕಛೇರಿಗೆ ಸುಮಾರು ಆರು ಲಕ್ಷ ಜನ ಸೇರಿದ್ದರು. ಅಲ್ಲಿ ದೂರದ ಜನಕ್ಕಾಗಿ ನಡುವೆ ಸ್ಪೀಕರ್ ಗೋಪುರಗಳನ್ನು ನಿಲ್ಲಿಸಿ, ವೇದಿಕೆಯ ಸದ್ದು ಗಾಳಿಯಲ್ಲಿ ಅಲ್ಲಿಗೆ ಬರುವಷ್ಟು ಹೊತ್ತು ಗೋಪುರದ ಸದ್ದನ್ನು ತಡೆದು ಬಿಡುವ ಡಿಜಿಟಲ್ ಯಂತ್ರ ಬಳಸಿದರು. ಎರಡೂ ಒಟ್ಟಿಗೇ ಕಿವಿ ಮುಟ್ಟಿದರೆ ಗೊಂದಲ ಇಲ್ಲ. ಈಗ ದೊಡ್ಡ ಮೈದಾನದ ಕಛೇರಿಗಳಲ್ಲಿ ನಡುವೆ ಕಾಣೋ ಗೋಪುರಗಳೆಲ್ಲ ಇದರ ಮಕ್ಕಳು, ಮೊಮ್ಮಕ್ಕಳು.

ವಾಲ್ ಆಫ್ ಸೌಂಡ್ ಬಾಳಿದ್ದು ಏಳೆಂಟು ತಿಂಗಳು. ಹೊತ್ತು ತಿರುಗಲು ಲಾರಿಗಳು, ಕಟ್ಟಿ ಬಿಚ್ಚಲು ಜನ, ಡೀಸೆಲ್ಲು, ಎಲ್ಲಾ ಸೇರಿ ತಂಡ ಸುಸ್ತಾಯಿತು. 1974ರ ಅಕ್ಟೋಬರಿನಲ್ಲಿ ಗೋಡೆಯನ್ನು ಕೊನೆಯ ಸಲ ಬಿಚ್ಚಿದರು.

ಬಾಗಿಲು ಎಷ್ಟು?

1979ರ ಡಿಸೆಂಬರ್ 3, ಅಮೆರಿಕದ ಸಿನ್ಸಿನಾಟಿ ನಗರ, ರಿವರ್‌ಫ್ರಂಟ್ ಕೊಲಿಸಿಯಂ. 'ದ ಹೂ' ತಂಡದ ಕಛೇರಿ, ಸುಮಾರು 18,000 ಜನ. ಬಹುಪಾಲು ಟಿಕೆಟುಗಳಿಗೆ ಸೀಟ್ ನಂಬರ್ ಇಲ್ಲ, ಮೊದಲು ಹೋದವರಿಗೆ ಮುಂದಿನ ಜಾಗ. ಚಳಿಯಲ್ಲಿ ಮಧ್ಯಾಹ್ನದಿಂದಲೇ ಬಾಗಿಲ ಮುಂದೆ ಜನ ಒತ್ತೊತ್ತಾಗಿ ನಿಂತರು. ಒಳಗೆ ತಂಡ ಧ್ವನಿ ಪರೀಕ್ಷೆ ಮಾಡುತ್ತಿದ್ದದ್ದು ಹೊರಗೆ ಕೇಳಿಸಿತು. ಕಛೇರಿ ಶುರುವಾಯಿತು ಅಂದುಕೊಂಡು ಹಿಂದಿನವರು ತಳ್ಳಿದರು. ತೆರೆದಿದ್ದದ್ದು ಕೆಲವೇ ಬಾಗಿಲು. 11 ಜನ ಉಸಿರುಗಟ್ಟಿ ಸತ್ತರು, ಅತಿ ಕಿರಿಯರಿಗೆ 15 ವರ್ಷ. ಕಛೇರಿ ನಡೆಯಿತು. ನಿಲ್ಲಿಸಿದರೆ ಮತ್ತೆ ನೂಕುನುಗ್ಗಲಾದೀತು ಅನ್ನೋ ಭಯ. ತಂಡದವರಿಗೆ ವಿಷಯ ಹೇಳಿದ್ದು ಎಲ್ಲಾ ಮುಗಿದ ಮೇಲೆ. ಆ ತಿಂಗಳ ಕೊನೆಯಲ್ಲೇ ನಗರಸಭೆ ಸೀಟ್ ನಂಬರ್ ಇಲ್ಲದ ಪದ್ಧತಿಯನ್ನು ನಿಷೇಧಿಸಿತು. 2004ರವರೆಗೂ ಆ ನಿಷೇಧ ಇತ್ತು. ಆ ತಂಡ ಸಿನ್ಸಿನಾಟಿಯಲ್ಲಿ ಮತ್ತೆ ಕಛೇರಿ ಮಾಡಿದ್ದು 2022ರಲ್ಲಿ.

ಇಂಥ ಸಾವುಗಳಾದಾಗ 'ಜನ ಹುಚ್ಚರ ಹಾಗೆ ಓಡಿದರು' ಅಂತ ಬರೆಯೋದು ರೂಢಿ. ನಿಜ ಬೇರೆ. ಒಂದು ಚದರ ಮೀಟರಿನಲ್ಲಿ ಏಳು ಜನ ಸೇರಿದರೆ ಗುಂಪು ನೀರಿನ ಹಾಗೆ ಆಗುತ್ತೆ. ಅಲೆ ಎದ್ದರೆ ಅದು ಹೋದ ಕಡೆ ಎಲ್ಲರೂ ಹೋಗಬೇಕು, ನಿಮ್ಮ ಕಾಲು ನಿಮ್ಮ ಮಾತು ಕೇಳೋದಿಲ್ಲ. ಬಹಳಷ್ಟು ಜನ ಸಾಯೋದು ತುಳಿತದಿಂದ ಅಲ್ಲ. ನಿಂತಲ್ಲೇ, ಎದೆ ಹಿಗ್ಗಲು ಜಾಗ ಸಿಗದೆ. ಹಿಂದೆ ತಳ್ಳುವವನಿಗೆ ಮುಂದೆ ಏನಾಗುತ್ತಿದೆ ಅಂತ ಕಾಣೋದೇ ಇಲ್ಲ. ತಪ್ಪು ಹುಡುಕಬೇಕಾದ್ದು ಬಾಗಿಲು, ಬೇಲಿ, ಮೈಕಿನಲ್ಲಿ ಯಾವಾಗ ಏನು ಹೇಳಿದರು ಅನ್ನೋದರಲ್ಲಿ.

ಇನ್ನೊಂದು ಘಟನೆ ಇದಕ್ಕಿಂತ ಕ್ರೂರ. 2003ರ ಫೆಬ್ರವರಿ 20, ರೋಡ್ ಐಲೆಂಡ್ ರಾಜ್ಯದ 'ದ ಸ್ಟೇಷನ್' ಅನ್ನುವ ಸಣ್ಣ ನೈಟ್ ಕ್ಲಬ್. ಗ್ರೇಟ್ ವೈಟ್ ತಂಡ ಶುರುಮಾಡುತ್ತಿದ್ದಂತೆ ವೇದಿಕೆಯ ಮೇಲೆ ಹಚ್ಚಿದ ಹೂಕುಂಡದಂಥ ಪಟಾಕಿ ಗೋಡೆಗೆ ತಗುಲಿತು. ಗೋಡೆಗೆ ಅಂಟಿಸಿದ್ದು ಪಾಲಿಯುರೆಥೇನ್ ಫೋಮ್. ಯಾಕೆ? ನೆರೆಹೊರೆಯವರು ಗಲಾಟೆ ಅಂತ ದೂರಿದ್ದರು, ಸದ್ದು ತಡೆಯಲು. ಕೆಲವೇ ನಿಮಿಷದಲ್ಲಿ ಕಟ್ಟಡವೆಲ್ಲ ಹೊಗೆ. ಜನ ಬಂದ ಬಾಗಿಲಿಗೇ ಮುಗಿಬಿದ್ದರು. 100 ಜನ ಸತ್ತರು. ಸದ್ದನ್ನು ಸರಿಮಾಡಲು ಹಾಕಿದ್ದೇ ಜೀವ ತೆಗೆಯಿತು. ಸೇಬೈನನ ಮೆತ್ತೆಗಳನ್ನು ನೆನೆದಾಗಲೆಲ್ಲ ನನಗೆ ಈ ಫೋಮೂ ನೆನಪಾಗುತ್ತೆ.

ಹಾಗಾದರೆ ಒಳ್ಳೇ ಜಾಗ?

ಪಟ್ಟಿಗಳಲ್ಲಿ ತಪ್ಪದೆ ಮೇಲಿರುವ ಹೆಸರು ಕೊಲೊರಾಡೋದ ರೆಡ್ ರಾಕ್ಸ್. ಎರಡು ಬೃಹತ್ ಕೆಂಬಂಡೆಗಳ ನಡುವೆ ಇಳಿಜಾರಿನಲ್ಲಿ ಮೆಟ್ಟಿಲು ಸೀಟು, ಬುಡದಲ್ಲಿ ವೇದಿಕೆ. 1941ರಲ್ಲಿ ತೆರೆದದ್ದು, ಸುಮಾರು 9,500 ಜನಕ್ಕೆ ಜಾಗ. ಪಕ್ಕದಲ್ಲಿ ಬಂಡೆಯ ಆಸರೆ, ಮೇಲೆ ಆಕಾಶ, ಬೇಸ್ ಸದ್ದು ಸಿಕ್ಕಿಹಾಕಿಕೊಳ್ಳಲು ಮಾಡಿಲ್ಲ. ಎಲ್ಲಿ ಕೂತರೂ ಮುಂದಿನವರ ತಲೆ ಅಡ್ಡ ಬರೋದಿಲ್ಲ. ವರ್ಷವರ್ಷವೂ ಇದೇ ಗೆಲ್ಲುತ್ತಿದೆ ಅಂತ ಪೋಲ್‌ಸ್ಟಾರ್ ಪತ್ರಿಕೆ ಸಣ್ಣ ಹೊರಾಂಗಣ ಜಾಗದ ತನ್ನ ಪ್ರಶಸ್ತಿಗೇ ರೆಡ್ ರಾಕ್ಸ್ ಅಂತ ಹೆಸರಿಟ್ಟುಬಿಟ್ಟಿತು! 1983ರ ಜೂನ್ 5ರಂದು ಮಳೆ, ಮಂಜಿನ ನಡುವೆ ಯೂಟು ಅಲ್ಲಿ ಮಾಡಿದ ಕಛೇರಿಯ ಚಿತ್ರ ಆ ತಂಡದ ಹಣೆಬರಹ ಬದಲಿಸಿತು. ಆದರೆ ಅದೇ ರೆಡ್ ರಾಕ್ಸ್‌ನಲ್ಲಿ 1971ರಲ್ಲಿ ಜೆಥ್ರೋ ಟಲ್ ನುಡಿಸುವಾಗ ಟಿಕೆಟ್ ಇಲ್ಲದವರು ನುಗ್ಗಲು ನೋಡಿ, ಪೊಲೀಸರು ಅಶ್ರುವಾಯು ಬಿಟ್ಟು, ಅದು ಒಳಗಿದ್ದವರ ಕಣ್ಣಿಗೂ ಹೋಗಿ, ರಾಕ್ ಕಛೇರಿಗಳೇ ಕೆಲವು ವರ್ಷ ನಿಷೇಧ ಆಗಿದ್ದವು.

ಇನ್ನೊಂದು ತುದಿಯಲ್ಲಿ ನ್ಯೂಯಾರ್ಕಿನ ಸಿಬಿಜಿಬಿ. 1973ರಿಂದ 2006ರವರೆಗೆ ನಡೆದ, ರಮೋನ್ಸ್, ಪ್ಯಾಟಿ ಸ್ಮಿತ್ ಮುಂತಾದವರು ಬೆಳೆದ ಇಕ್ಕಟ್ಟಾದ ಉದ್ದನೆ ಓಣಿಯಂಥ ಬಾರು. ಅದರ ಶೌಚಾಲಯದ ಬಗ್ಗೆ ಹೇಳದಿರೋದೇ ಒಳ್ಳೇದು. ಆದರೂ ಅಭಿಮಾನಿಗಳಿಗೆ ಅದು ದೇವಸ್ಥಾನ. ಸಣ್ಣ ಜಾಗದಲ್ಲಿ ಸದ್ದು ಬೇಗ ಅಡಗುತ್ತೆ, ಹಾಡುವವರ ಬೆವರು ಕಾಣುತ್ತೆ. ಬೀಟಲ್ಸ್ ಕೂಡ ಶೇ ಸ್ಟೇಡಿಯಂಗಿಂತ ಮುಂಚೆ ಬೆಳೆದದ್ದು ಲಿವರ್‌ಪೂಲಿನ ಕ್ಯಾವರ್ನ್ ಅನ್ನುವ ನೆಲಮಾಳಿಗೆಯಲ್ಲಿ.

ನಮ್ಮ ಬೆಂಗಳೂರಿಗೂ ಈ ಇತಿಹಾಸದಲ್ಲಿ ಒಂದು ಸಾಲು ಇದೆ. ಅರಮನೆ ಮೈದಾನದಲ್ಲಿ 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್ 17ರಂದು ಐರನ್ ಮೇಡನ್ ಬಂದು ಹೋದರು. 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಭಾರತಕ್ಕೆ ಬಂದಾಗ, 28ರಂದು ಗುರ್‌ಗಾಂವ್‌ನಲ್ಲಿ ಕಛೇರಿಗೆ ಮುಂಚೆ ಬೇಲಿ ಮುರಿದು ಕಾರ್ಯಕ್ರಮವೇ ರದ್ದಾಯಿತು, ಜನ ರೊಚ್ಚಿಗೆದ್ದು ಸಾಮಾನು ಮುರಿದರು. ಎರಡು ದಿನ ಬಿಟ್ಟು 30ರಂದು ಅದೇ ತಂಡ ನಮ್ಮ ಅರಮನೆ ಮೈದಾನದಲ್ಲಿ ನುಡಿಸಿತು, ಸಾವಿರಾರು ಜನ ಮನಸಾರೆ ಕುಣಿದು ಮನೆಗೆ ಹೋದರು. ಎರಡೂ ಬಯಲೇ, ತಂಡವೂ ಒಂದೇ.

ಬೆಂಗಳೂರಿನವರೇ ಶಾಂತ ಜನ ಅಂತ ಹೆಮ್ಮೆಪಡೋಣ ಅಂದರೆ 2025ರ ಜೂನ್ 4 ನೆನಪಾಗುತ್ತೆ. ಆರ್‌ಸಿಬಿ ಕಪ್ ಗೆದ್ದ ಮರುದಿನ, ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ 11 ಜನ ಸತ್ತರು. ಸಿನ್ಸಿನಾಟಿಯಲ್ಲೂ 11. ಅಲ್ಲಿ ರಾಕ್, ಇಲ್ಲಿ ಕ್ರಿಕೆಟ್. ಬಾಗಿಲಿನ ಮುಂದೆ ಒತ್ತಿಕೊಂಡು ನಿಂತ, ಬಹುಪಾಲು ಇನ್ನೂ ಎಳೆಯ ವಯಸ್ಸಿನ ಜನ ಎರಡೂ ಕಡೆ. 46 ವರ್ಷದ ಹಿಂದೆ ಒಂದು ಊರು ಬೆಲೆ ತೆತ್ತು ಕಲಿತ ಪಾಠ ಪುಸ್ತಕಗಳಲ್ಲಿ ಇತ್ತು, ನಮ್ಮ ಗೇಟಿನವರೆಗೆ ಬರಲಿಲ್ಲ. ಅವತ್ತು ಸಂಜೆ ಹಾಸನದಿಂದ ಅಮ್ಮ ಹತ್ತು ಸಲ ಫೋನ್ ಮಾಡಿದ್ದರು. ಈಗಲೂ ನಾನು ಯಾವುದೇ ಕಛೇರಿಗೆ ಹೊರಟರೆ, "ಹುಷಾರಪ್ಪಾ, ಗೇಟಿನ ಹತ್ರ ನಿಂತ್ಕೋಬೇಡ" ಅಂತಾರೆ. ಅಮ್ಮನಿಗೆ ಮೆಟಾಲಿಕಾ ಗೊತ್ತಿಲ್ಲ, ಆದರೆ ಈ ವಿಷಯದಲ್ಲಿ ಅವರಷ್ಟು ತಿಳಿದವರು ಕಡಿಮೆ.

ಈಗ ಲಾಸ್ ವೇಗಾಸ್‌ನಲ್ಲಿ ಸ್ಫಿಯರ್ ಅನ್ನುವ ದೈತ್ಯ ಗೋಳ ಇದೆ. 2023ರ ಸೆಪ್ಟೆಂಬರ್ 29ರಂದು ಯೂಟು ಕಛೇರಿಯಿಂದ ಶುರುವಾದದ್ದು, ಖರ್ಚು ಸುಮಾರು 230 ಕೋಟಿ ಡಾಲರ್. ಒಂದೂವರೆ ಲಕ್ಷಕ್ಕೂ ಹೆಚ್ಚು ಸಣ್ಣ ಸಣ್ಣ ಸ್ಪೀಕರುಗಳು ಪರದೆಯ ಹಿಂದೆ ಅಡಗಿ ಕೂತು, ಗೋಡೆಗೆ ಬಡಿಯದ ಹಾಗೆ ಸದ್ದನ್ನು ಸೀಟುಗಳ ಕಡೆಗೇ ಗುರಿಯಿಟ್ಟು ಕಳಿಸುತ್ತವೆ. 2024ರಲ್ಲಿ ಅಲ್ಲಿ ತಿಂಗಳುಗಟ್ಟಲೆ ನುಡಿಸಿದವರಲ್ಲಿ ಗ್ರೇಟ್‌ಫುಲ್ ಡೆಡ್‌ನ ಕೆಲವು ಸದಸ್ಯರಿದ್ದ ತಂಡ ಡೆಡ್ ಅಂಡ್ ಕಂಪನಿ ಕೂಡ ಒಂದು. 75 ಟನ್ ಗೋಡೆ ಹೊತ್ತು ಸುಸ್ತಾದವರಿಗೆ ಐವತ್ತು ವರ್ಷದ ಮೇಲೆ ಗೋಡೆಯೇ ಸ್ಪೀಕರಾಗಿರುವ ಮನೆ ಸಿಕ್ಕಿತು.

ಶೇ ಸ್ಟೇಡಿಯಮ್ಮನ್ನು 2009ರಲ್ಲಿ, ಕ್ಯಾಂಡಲ್‌ಸ್ಟಿಕ್ ಪಾರ್ಕನ್ನು 2015ರಲ್ಲಿ ಕೆಡವಿದರು. ಕೆಡವುವ ಮುಂಚೆ ಎರಡೂ ಕಡೆ ನಡೆದ ಕೊನೆಯ ಕಛೇರಿಗಳಲ್ಲಿ ಹಾಡಿದವರಲ್ಲಿ ಪಾಲ್ ಮ್ಯಾಕಾರ್ಟ್ನಿ ಇದ್ದರು. 2008ರಲ್ಲಿ ಶೇಯಲ್ಲಿ ಬಿಲ್ಲಿ ಜೋಯೆಲ್ ಜೊತೆ ಅತಿಥಿಯಾಗಿ, 2014ರಲ್ಲಿ ಕ್ಯಾಂಡಲ್‌ಸ್ಟಿಕ್‌ನಲ್ಲಿ ತಮ್ಮದೇ ತಂಡದ ಜೊತೆ. ಈ ಸಲ ಅವರಿಗೆ ತಮ್ಮ ದನಿ ತಮಗೇ ಕೇಳಿಸಿರುತ್ತೆ :-)

ನನ್ನ ಲೆಕ್ಕದಲ್ಲಿ ಅತ್ಯುತ್ತಮ ಜಾಗ ಫಿಲ್ಮೋರ್, ಆ ಸೇಬಿಗಾಗಿ. ಅತಿ ಕೆಟ್ಟದ್ದು ಶೇ ಸ್ಟೇಡಿಯಂ ಅಲ್ಲ. ಅಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ ನಿಜ, ಆದರೆ ಬಂದವರು ಗಂಟಲು ಹರಿದುಕೊಂಡು, ಖುಷಿಯಾಗಿ, ಮನೆಗೆ ವಾಪಸ್ ಹೋದರು. ನೀವು ನೋಡಿದ ಒಳ್ಳೇ ಜಾಗ, ಕೆಟ್ಟ ಜಾಗ ಯಾವುದು? ರಾಕೇ ಆಗಬೇಕಿಲ್ಲ, ಆರ್ಕೆಸ್ಟ್ರಾ, ಯಕ್ಷಗಾನ, ರಾಮನವಮಿ ಸಂಗೀತದ ಪೆಂಡಾಲು ಯಾವುದಾದರೂ ಸರಿ. ಬರೀರಿ. ಬಾಗಿಲು ಎಷ್ಟಿದ್ದವು ಅನ್ನೋದನ್ನೂ ನೆನಪಿದ್ದರೆ ಸೇರಿಸಿ.